ಗಂಡು ನೋಡಲು ಹೋದ ಗ್ಯಾಲರಿಗಳು

ನಮ್ಮ ಕಡೆ ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು, ಕೇಸರಿಬಾತು ಕೊಡದೆ ಕಳಿಸಿದರೆ ಆ ಮನೆಯ ಹೆಸರು ತಳಕಿನಿಂದ ರಾಂಪುರದವರೆಗೆ ಕೆಡುತ್ತದೆ. ಹುಡುಗಿ ಒಪ್ಪಿಗೆಯಾಗಲಿ ಬಿಡಲಿ, ಬಂದವರು ತಟ್ಟೆ ಖಾಲಿ ಮಾಡಿಯೇ ಏಳಬೇಕು. ನನ್ನ ತಮ್ಮನ ಮಗಳಿಗೆ ಬಂದ ಬೆಂಗಳೂರಿನ ಗಂಡಿನ ತಾಯಿ ಈ ತಾಪತ್ರಯವನ್ನೆಲ್ಲ ಒಂದೇ ಫೋನಿನಲ್ಲಿ ಮುಗಿಸಿಬಿಟ್ಟಳು.

"ಹೆಣ್ಣು ನೋಡೋ ಶಾಸ್ತ್ರ ಎಲ್ಲ ನಾವು ಇಟ್ಕೊಂಡಿಲ್ಲ. ಭಾನುವಾರ ನೀವೇ ಬನ್ನಿ. ನಮ್ಮ ಏರಿಯಾದಲ್ಲಿ ಒಳ್ಳೊಳ್ಳೆ ಆರ್ಟ್ ಗ್ಯಾಲರಿಗಳಿವೆ. ಚಿತ್ರ ನೋಡ್ತಾ ನೋಡ್ತಾ ಮಕ್ಕಳಿಬ್ಬರೂ ಮಾತಾಡ್ಕೋತಾರೆ. ಎಂಟ್ರಿ ಎಲ್ಲ ಫ್ರೀ," ಎಂದಳು.

ಕೊನೆಯ ಮಾತನ್ನು ನಮಗೆ ಸೀರೆ ಉಡುಗೊರೆ ಕೊಡುವವಳ ಹಾಗೆ ಹೇಳಿದಳು. ಫೋನು ಹಿಡಿದಿದ್ದ ನನ್ನ ತಮ್ಮನೂ ಅದನ್ನು ಹಾಗೆಯೇ ತೆಗೆದುಕೊಂಡ. ಬೆಂಗಳೂರಿನಿಂದ ಬಂದ ಮಾತೆಲ್ಲ ಅವನಿಗೆ ತೂಕದ ಮಾತು.

"ನೋಡಕ್ಕ, ಎಂಥ ದೊಡ್ಡ ಮನುಷ್ಯರು! ಶಾಸ್ತ್ರ ಇಲ್ಲ, ಸಂಪ್ರದಾಯ ಇಲ್ಲ, ಏನೂ ಇಲ್ಲ," ಅಂದ.

"ಒಂದು ಲೋಟ ಕಾಫಿನೂ ಇಲ್ಲ," ಅಂದೆ ನಾನು.

ಚಳ್ಳಕೆರೆಯಲ್ಲಿ ತಾಲ್ಲೂಕು ಕಚೇರಿಯ ಎದುರು ಟೈಪಿಂಗ್ ಶಾಲೆ ನಡೆಸಿದವಳು ನಾನು. ಟೈಪ್ ಯಂತ್ರಗಳ ಕಾಲ ಮುಗಿದ ಮೇಲೆ ಅದೇ ಮಳಿಗೆಯಲ್ಲಿ ಡಿಟಿಪಿ, ಜೆರಾಕ್ಸ್. ನನಗೆ ಮದುವೆ ಆಗಲಿಲ್ಲ. ಊರವರ ಮದುವೆ ಕಾರ್ಡುಗಳನ್ನು ಮಾತ್ರ ಲೆಕ್ಕವಿಲ್ಲದಷ್ಟು ಟೈಪು ಮಾಡಿದ್ದೇನೆ. ಅವರಲ್ಲಿ ಕೆಲವರ ವಿಚ್ಛೇದನದ ಅರ್ಜಿಯನ್ನೂ ನಾನೇ ಟೈಪು ಮಾಡಿಕೊಟ್ಟಿದ್ದೇನೆ. ಹಾಗಾಗಿ ಮನುಷ್ಯರ ಬಗ್ಗೆ ನನಗೆ ದೊಡ್ಡ ಅಭಿಪ್ರಾಯವೇನೂ ಇಲ್ಲ. ತಮ್ಮ ತಳಕಿನ ಹತ್ತಿರ ನಮ್ಮೂರಲ್ಲೇ ಕುರಿ, ಶೇಂಗಾ ನೋಡಿಕೊಂಡಿದ್ದಾನೆ. ಕುರಿ ಮೇಯುವ ಕಾವಲಿಗೆ ಬೇಲಿ ಬಿದ್ದ ಮೇಲೆ ಅವನ ಹಿಂಡು ಸಣ್ಣದಾಯಿತು. ದನಿ ಮಾತ್ರ ಬಯಲಿನ ಆ ತುದಿಯ ಕುರಿಗೂ ಕೇಳಬೇಕು ಅನ್ನುವಷ್ಟು ದೊಡ್ಡದಾಗಿಯೇ ಉಳಿಯಿತು.

ಅವನ ಒಬ್ಬಳೇ ಮಗಳು ಮೊಳಕಾಲ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂರುತ್ತಾಳೆ. ವಾರವಿಡೀ ಅಲ್ಲೇ ಬಾಡಿಗೆ ಕೋಣೆ, ಶನಿವಾರ ಸಂಜೆ ಚಳ್ಳಕೆರೆಗೆ ನನ್ನ ಮನೆಗೆ. ಆ ಕಿಟಕಿಯ ಮುಂದೆ ಅರ್ಧ ಜನ ಅವಳನ್ನು ಕನ್ನಡದಲ್ಲಿ ಬೈಯುತ್ತಾರೆ, ಉಳಿದರ್ಧ ತೆಲುಗಿನಲ್ಲಿ. ಅವಳು ಎರಡು ಭಾಷೆಯಲ್ಲೂ ಸುಮ್ಮನಿರುತ್ತಾಳೆ. ಮಾತು ಕಡಿಮೆ. ಮನೆಯಲ್ಲಿ ಎಲ್ಲರೂ ಅದನ್ನು ಒಳ್ಳೆಯ ಗುಣ ಎಂದುಕೊಂಡಿದ್ದರು.

ತಮ್ಮನ ಹೆಂಡತಿಗೆ ಬಸ್ಸು ಹತ್ತಿದರೆ ಹಿರಿಯೂರು ಬರುವಷ್ಟರಲ್ಲಿ ವಾಂತಿ. ತಮ್ಮನಿಗೆ ಶೇಂಗಾ ಕೀಳುವ ಹೊತ್ತು. ಹಾಗಾಗಿ ಹುಡುಗಿಯ ಜೊತೆ ನಾನು ಹೊರಟೆ.

ಆ ಬಡಾವಣೆಯಲ್ಲಿ ಮನುಷ್ಯರಿಗಿಂತ ಮರಗಳೇ ಹೆಚ್ಚು ಕಾಣುತ್ತಿದ್ದವು. ಮನೆಗಳು ಎತ್ತರದ ಗೋಡೆಯ ಹಿಂದೆ ತಲೆಮರೆಸಿಕೊಂಡಿದ್ದವು. ರಸ್ತೆಯಲ್ಲಿ ನಡೆಯುವವರೆಂದರೆ ಎರಡೇ ಜಾತಿ: ನಾಯಿ ಹಿಡಿದುಕೊಂಡವರು ಮತ್ತು ಮನೆಗೆಲಸದವರು. ನಮ್ಮ ಕೈಯಲ್ಲಿ ನಾಯಿ ಇರಲಿಲ್ಲ. ಗ್ಯಾಲರಿಯ ಗೇಟಿನಲ್ಲಿದ್ದ ಕಾವಲಿನವನು ನನ್ನ ಚೀಲವನ್ನೂ ಚಪ್ಪಲಿಯನ್ನೂ ನೋಡಿ, "ಕ್ಲೀನಿಂಗಿಗೆ ಹಿಂದಿನ ಗೇಟು, ಅಮ್ಮ," ಅಂದ.

"ನಾವು ಗಂಡು ನೋಡೋಕೆ ಬಂದಿರೋರು," ಅಂದೆ. ಅವನು ಮರುಮಾತಿಲ್ಲದೆ ಬಾಗಿಲು ತೆರೆದ. ಆವತ್ತು ಆ ಬೀದಿಯಲ್ಲಿ ನನಗೆ ಸಿಕ್ಕ ಒಬ್ಬನೇ ಸಭ್ಯ ಮನುಷ್ಯ ಅವನು.

ಹುಡುಗನ ತಾಯಿ ಒಳಗೆ ಕಾಯುತ್ತಿದ್ದಳು. ಇಸ್ತ್ರಿ ಮಾಡದ ಕೈಮಗ್ಗದ ಸೀರೆ, ಕತ್ತಿನ ತುಂಬ ಬೆಳ್ಳಿ. ಕೂದಲಿಗೆ ಬಣ್ಣ ಹಚ್ಚದೆ ಬಿಟ್ಟಿರುವುದನ್ನು ಸಹ ಏನೋ ಸಾಧನೆಯ ಹಾಗೆ ಹೊತ್ತಿದ್ದಳು. ಅವಳ ಮಾವ ನಮ್ಮ ಸೀಮೆಯ ಗೌರಸಮುದ್ರದ ಕಡೆಯವರು, ಆ ಸಂಬಂಧದಿಂದಲೇ ಪ್ರಸ್ತಾಪ ಬಂದದ್ದು. ಅವಳು ಮಾತ್ರ, "ಆ ಕಡೆ ಈಗ ಕರೆಂಟೆಲ್ಲ ಸರಿಯಾಗಿ ಬರುತ್ತಾ?" ಎಂದು ನಾವು ಗವಿಯಿಂದ ಎದ್ದು ಬಂದವರೇನೋ ಎಂಬಂತೆ ಕೇಳಿದಳು. ಮಗ ಆರ್ಕಿಟೆಕ್ಟು. ಗಡ್ಡ, ದುಂಡು ಕನ್ನಡಕ. "ಹಾಯ್ ಆಂಟಿ," ಅಂದು ನನ್ನ ಹುಡುಗಿಯನ್ನು ಕರೆದುಕೊಂಡು ಮುಂದೆ ನಡೆದ. ನಾವಿಬ್ಬರು ಹಿಂದೆ.

ಕೋಣೆಯ ತುಂಬ ಕಂದು ಬಣ್ಣದ ಚಿತ್ರಗಳು. ಒಂದೊಂದೂ ನಮ್ಮ ಮನೆಯ ಕದದಷ್ಟು ದೊಡ್ಡದು. ಕಂದು, ತೆಳು ಕಂದು, ಕಡು ಕಂದು. ಮಳೆಗಾಲಕ್ಕೆ ಮುಂಚೆ ಯಾರೋ ಜಗುಲಿ ಸಾರಿಸಲು ಹೋಗಿ ಅರ್ಧಕ್ಕೆ ಬಿಟ್ಟ ಹಾಗೆ.

"ಇಲ್ಲಿ ಕಲಾವಿದ ಏನೂ ಹೇಳ್ತಾ ಇಲ್ಲ. ಅದೇ ಇದರ ಶಕ್ತಿ," ಎಂದಳು ಆಕೆ ಪಿಸುದನಿಯಲ್ಲಿ. ಅಲ್ಲಿ ಎಲ್ಲರದೂ ಪಿಸುದನಿಯೇ. ಹೆಣ ಇಟ್ಟ ಮನೆಯಲ್ಲೂ ನಮ್ಮವರು ಇನ್ನಷ್ಟು ಗಟ್ಟಿಯಾಗಿ ಮಾತಾಡುತ್ತಾರೆ.

"ಏನೂ ಹೇಳದೇ ಇರೋಕೆ ಇಷ್ಟು ದೊಡ್ಡ ಬಟ್ಟೆ ಬೇಕಿತ್ತಾ?" ಎಂದೆ.

ಆಕೆ ನನ್ನ ತೋಳು ಮುಟ್ಟಿ ನಕ್ಕಳು. "ಎಷ್ಟು ರಾ ಆಗಿದೆ ನಿಮ್ಮ ರಿಯಾಕ್ಷನ್! ನನಗೆ ತುಂಬಾ ಇಷ್ಟ ಆಯ್ತು."

ರಾ ಅಂದರೆ ಹಸಿ. ಈ ವಯಸ್ಸಿಗೆ ನನ್ನನ್ನು ಹಸಿ ಅಂದಳು, ಉಪ್ಪು ಹಚ್ಚಿ ತಿನ್ನುವವಳ ಹಾಗೆ. ಕೆಲವು ಚಿತ್ರಗಳ ಪಕ್ಕ ಗೋಡೆಗೆ ಕೆಂಪು ಚುಕ್ಕೆ ಅಂಟಿಸಿದ್ದರು. ಏನದು ಎಂದು ಕೇಳಿದೆ. ಮಾರಾಟವಾಗಿದೆ ಎಂದರ್ಥವಂತೆ. ನಮ್ಮ ಸಂತೆಯಲ್ಲಿ ಮಾರಿಹೋದ ಕುರಿಯ ಬೆನ್ನಿಗೆ ಬಣ್ಣ ಬಳಿಯುತ್ತಾರಲ್ಲ, ಅದೇ ವ್ಯವಹಾರ. ಸಂತೆಯವರು ಅದಕ್ಕೆ ಪಿಸುಗುಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಎರಡನೆಯ ಗ್ಯಾಲರಿ ಕತ್ತಲೆಯ ಕೋಣೆ. ಪರದೆಯ ಮೇಲೆ ಒಬ್ಬ ಗಂಡಸು ಕೈ ತೊಳೆಯುತ್ತಲೇ ಇದ್ದ. ಕೈ ಒರೆಸಿಕೊಳ್ಳುವುದೂ ಇಲ್ಲ, ನಲ್ಲಿ ನಿಲ್ಲಿಸುವುದೂ ಇಲ್ಲ. ಮೂರನೆಯದರಲ್ಲಿ ಯಾರದೋ ಪ್ರದರ್ಶನದ ಮೊದಲ ದಿನ. ತಟ್ಟೆಯಲ್ಲಿ ಬಿಸ್ಕತ್ತು, ಅದರ ಮೇಲೆ ಕಡಲೆಕಾಳಿನಷ್ಟು ಚೀಸು. ಬೆಳಗಿನ ಜಾವ ಬಸ್ಸು ಹತ್ತಿದ ನಮ್ಮ ಹೊಟ್ಟೆಗೆ ಆ ದಿನ ಆ ಬಡಾವಣೆ ಕೊಟ್ಟದ್ದು ಅಷ್ಟೇ. ಆಕೆ ಒಂದು ಬಿಸ್ಕತ್ತನ್ನು ಮೂರು ಸಲಕ್ಕೆ ಕಚ್ಚಿದಳು. ನಾನು ನಾಲ್ಕನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಇಷ್ಟು ಹೊತ್ತೂ ಹುಡುಗ ಕೈಯಾಡಿಸುತ್ತ ಮಾತಾಡುತ್ತಲೇ ಇದ್ದ. ನನ್ನ ಹುಡುಗಿ ಅವನ ಮುಖ ನೋಡದೆ ಗೋಡೆ ನೋಡುತ್ತಿದ್ದಳು. ನಾನು ಅದನ್ನು ನಾಚಿಕೆ ಎಂದುಕೊಂಡೆ.

ಮೂರು ದಿನಕ್ಕೆ ತಮ್ಮನ ಫೋನಿಗೆ ಮೆಸೇಜು ಬಂತು. ಅವನು ಅದನ್ನು ಹಿಡಿದುಕೊಂಡು ನನ್ನ ಅಂಗಡಿಗೇ ಬಂದ. ಹುಡುಗಿ ತುಂಬಾ ಗ್ರೌಂಡೆಡ್, ಆದರೆ ನಮ್ಮ ಮಗನಿಗೆ ಕಾನ್ವರ್ಸೇಷನ್ ಮುಖ್ಯ ಎಂದು ಬರೆದಿದ್ದರು.

"ಗ್ರೌಂಡೆಡ್ ಅಂದ್ರೆ ಏನಕ್ಕ?"

"ನೆಲದ ಮ್ಯಾಲೆ ಅದಾಳೆ ಅಂತ."

"ಮತ್ತೆಲ್ಲಿರಬೇಕಿತ್ತು?" ಎಂದ ತಮ್ಮ. ಜೆರಾಕ್ಸಿಗೆ ನಿಂತವರೆಲ್ಲ ತಿರುಗಿ ನೋಡಿದರು.

ಹುಡುಗಿಗೆ ಬೇಜಾರಾಗುತ್ತದೆ ಎಂದು ನಾನು ಆ ಶನಿವಾರ ಅವಳಿಗೆ ಇಷ್ಟದ ಉಪ್ಸಾರು ಮಾಡಿದ್ದೆ. ಅವಳಿಗೆ ಬೇಜಾರಿನ ಸುಳಿವೂ ಇರಲಿಲ್ಲ. ಮುದ್ದೆ ಚೆನ್ನಾಗಿ ಉಂಡಳು. ಉಂಡಾದ ಮೇಲೆ ಅಪ್ಪನಿಗೆ ಫೋನು ಮಾಡಿ, "ಬೆಂಗಳೂರು ಕಡೆ ಗಂಡಾದ್ರೆ ನೋಡ್ತೀನಿ ಅಪ್ಪ. ಮನೆಗೆಲ್ಲ ಬರೋದು ಬೇಡ. ಆ ಗ್ಯಾಲರಿ ಹತ್ರಾನೇ ಬರ್ಲಿ, ಅದೇ ಚೆನ್ನಾಗೈತೆ," ಎಂದಳು.

ತಮ್ಮನ ಹಿಗ್ಗು ಹೇಳತೀರದು. ಮಗಳು ಮದುವೆಗೆ ತಾನಾಗಿ ಬಾಯಿ ಬಿಟ್ಟದ್ದೇ ಅದು ಮೊದಲ ಸಲ. ನಮ್ಮ ಜನಾಂಗದ ವಧೂವರರ ವಾಟ್ಸಾಪ್ ಗುಂಪಿಗೆ ಹೊಸ ಬಯೋಡೇಟಾ ಹಾಕಬೇಕು ಎಂದು ನನ್ನಿಂದ ಟೈಪು ಮಾಡಿಸಿದ. 'ಉತ್ತಮ ಕಲಾಭಿರುಚಿ ಉಳ್ಳವಳು' ಎಂಬ ಸಾಲು ಅವನದೇ. ಆ ಗುಂಪೇ ಒಂದು ನೋಡತಕ್ಕ ವಸ್ತು. ಅಲ್ಲಿ ಯಾರಿಗೂ ಕುಡಿತದ ಚಟವಿಲ್ಲ, ಎಲ್ಲರೂ ಬಿಳುಪು, ಎಲ್ಲರೂ ಸಂಸ್ಕಾರವಂತರು. ಅದೇ ಜನರನ್ನು ನಾನು ಮದುವೆ ಮಂಟಪದ ಹಿಂಭಾಗದಲ್ಲಿ ನೋಡಿದ್ದೇನೆ.

ಎರಡನೆಯವನು ಬ್ಯಾಂಕಿನವನು, ತನ್ನ ಸೋದರಮಾವನ ಜೊತೆ ಬಂದ. ಬಂದವನೇ ಚಿತ್ರ ಬಿಟ್ಟು ಚಿತ್ರದ ಕೆಳಗಿನ ಬೆಲೆಯ ಚೀಟಿಯನ್ನು ಓದತೊಡಗಿದ. "ಈ ದುಡ್ಡಿಗೆ ನಿಮ್ಮ ಚಳ್ಳಕೆರೆಯಲ್ಲಿ ಸೈಟೇ ಬರುತ್ತಲ್ರಿ!" ಎಂದು ಮಾವನೂ ಅಳಿಯನೂ ಕೋಣೆಯಿಂದ ಕೋಣೆಗೆ ಅದೇ ಮಾತು ಹೇಳಿಕೊಂಡು ಸುತ್ತಿದರು. ಅವರು ಹೇಳಿದ್ದು ನಿಜವೇ. ನನ್ನ ಅಭಿಪ್ರಾಯವೂ ಅದೇ ಇತ್ತು. ಅಂಥ ಇಬ್ಬರ ಬಾಯಲ್ಲಿ ನನ್ನ ಅಭಿಪ್ರಾಯ ಕೇಳಿ ನನಗೆ ಅಸಹ್ಯವಾಯಿತು. ಕೊನೆಗೆ ಹುಡುಗ ನಮ್ಮವಳಿಗೆ ಕೇಳಿದ್ದು ಒಂದೇ ಪ್ರಶ್ನೆ, "ಟ್ರಾನ್ಸ್‌ಫರ್ ಸಿಗುತ್ತಾ?" ಅವಳು ಸಿಗುವುದಿಲ್ಲ ಎಂದಳು. ಅಲ್ಲಿಗೆ ಆ ಸಂಬಂಧ ಮುಗಿಯಿತು.

ಮೂರನೆಯವನಿಗೆ ಪ್ಲಾಸ್ಟಿಕ್ ಪೈಪಿನ ಕಾರ್ಖಾನೆ. ಅಂಗಿಯ ತೋಳು ಹರಿಯುವಂಥ ರಟ್ಟೆ. ಪ್ರತಿ ಚಿತ್ರದ ಮುಂದೆಯೂ ಎದೆ ಮುಂದೆ ಮಾಡಿ ನಿಂತು, ಫೋನನ್ನು ನಮ್ಮ ಹುಡುಗಿಯ ಕೈಗೆ ಕೊಟ್ಟು ಫೋಟೋ ಹಿಡಿಸಿಕೊಂಡ. ಹಿಂದಿರುವ ಚಿತ್ರ ಯಾವುದೆಂದು ಒಮ್ಮೆಯೂ ತಿರುಗಿ ನೋಡಲಿಲ್ಲ. ಒಂದಷ್ಟು ಹೊತ್ತಾದ ಮೇಲೆ ಅವನಿಗೆ ಫೋನು ಬಂತು. ನನ್ನ ಹತ್ತಿರ ಬಂದು, "ಅರ್ಜೆಂಟ್ ಲೋಡ್ ಐತೆ ಆಂಟಿ, ಹೇಳಿಬಿಡಿ," ಎಂದು ಹೊರಟೇಹೋದ.

ನಾನು ಹುಡುಗಿಯನ್ನು ಹುಡುಕಿದೆ. ಹಿಂದಿನ ಸಣ್ಣ ಕೋಣೆಯಲ್ಲಿ ಒಬ್ಬಳೇ ನಿಂತಿದ್ದಳು. ಎದುರಿಗೆ ಅಂಗೈಯಗಲದ ಒಂದು ಚಿತ್ರ. ಅರ್ಧ ತೆರೆದ ಬಾಗಿಲು, ನೆಲದ ಮೇಲೆ ಬಿದ್ದ ಒಂದಿಷ್ಟು ಬಿಸಿಲು. ಅಷ್ಟೇ. ಬಾಗಿಲು ಪೂರ್ತಿ ಹಾಕಿಯೂ ಇಲ್ಲ, ತೆಗೆದೂ ಇಲ್ಲ. ನಮ್ಮ ಮನೆಯಲ್ಲಾಗಿದ್ದರೆ ಯಾರಾದರೂ ಬೈದು ಹಾಕಿಸುತ್ತಿದ್ದರು.

ಪಕ್ಕದಲ್ಲಿ ನಿಂತೆ. ಅವಳಿಗೆ ಗೊತ್ತಾಗಲಿಲ್ಲ. ನಾನು ಹೋಗಿ ಕುರ್ಚಿಯಲ್ಲಿ ಕೂತು ಕಾಲು ಚಾಚಿಕೊಂಡು, ನೀರು ಕುಡಿದು, ಮತ್ತೆ ಬಂದೆ. ಆಗಲೂ ಅಲ್ಲೇ ಇದ್ದಳು.

"ಅವ್ನು ಹೋಗಿ ಅರ್ಧ ಗಂಟೆ ಆಯ್ತು ಕಣೇ," ಅಂದೆ.

"ಯಾರು?" ಎಂದಳು.

ಅವಳು ನಟಿಸುತ್ತಿರಲಿಲ್ಲ. ನಿಜಕ್ಕೂ ಯಾರು ಎಂದು ನೆನಪು ಮಾಡಿಕೊಳ್ಳುತ್ತಿದ್ದಳು. ಆಗ ನನಗೆ ಎಲ್ಲವೂ ತಿಳಿಯಿತು. ತಿಳಿಯಲು ಅಷ್ಟು ದಿನ ಹಿಡಿಯಿತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಎಂಥೆಂಥವರ ಸುಳ್ಳು ಅಫಿಡವಿಟ್ಟುಗಳನ್ನು ಟೈಪು ಮಾಡುವಾಗಲೇ ಹಿಡಿದವಳು ನಾನು.

ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಇಡ್ಲಿ ಹೇಳಿ ಎದುರಿಗೆ ಕೂರಿಸಿಕೊಂಡೆ.

"ನಿಜ ಹೇಳು. ನೀನು ಇಲ್ಲಿಗೆ ಬರೋದು ಗಂಡು ನೋಡಕ್ಕಾ?"

"ಮೊದಲ್ನೇ ಸಲ ಗಂಡು ನೋಡಕ್ಕೇ ಬಂದಿದ್ದೆ ಅತ್ತೆ."

"ಆಮ್ಯಾಲೆ?"

ಅವಳು ಚಟ್ನಿಯಲ್ಲಿ ಬೆರಳಾಡಿಸಿದಳು. "ಆಮ್ಯಾಲೆ ಚಿತ್ರ ನೋಡಕ್ಕೆ."

"ಅದರಾಗೆ ಏನೈತೆ? ನಿಂಗೆ ಅರ್ಥ ಆಗ್ತೈತಾ?"

"ಇಲ್ಲ."

"ಮತ್ತೆ?"

"ಅರ್ಥ ಆಯ್ತಾ ಅಂತ ಅಲ್ಲಿ ಯಾರೂ ಕೇಳಲ್ಲ ಅಲ್ವಾ." ಆಮೇಲೆ ನಾನು ಅವಳ ಬಾಯಲ್ಲಿ ಹಿಂದೆಂದೂ ಕೇಳದಷ್ಟು ಉದ್ದ ಮಾತಾಡಿದಳು. "ಕಿಟಕಿ ಹತ್ರ ಬೆಳಗಿಂದ ಕೇಳ್ತಾನೇ ಇರ್ತಾರೆ ಅತ್ತೆ. ಈ ಮಾತ್ರೆ ಯಾಕೆ, ಆ ಮಾತ್ರೆ ಯಾಕಿಲ್ಲ, ಮುದುಕಿಗೆ ಯಾಕೆ ಜಾಸ್ತಿ ಕೊಟ್ಟೆ. ಊರಿಗ್ ಬಂದ್ರೆ ಯಾವಾಗ ಮದ್ವೆ ಅಂತಾರೆ. ಕೋಣೆಗ್ ಹೋದ್ರೆ ಓನರಮ್ಮ ಬಂದು, ಏಮಮ್ಮ, ಒಬ್ಳೇ ಇದೀಯಾ ಅಂತಾಳೆ. ಅಲ್ಲಿ ಆ ಚಿತ್ರದ ಮುಂದೆ ಎಷ್ಟೊತ್ತು ನಿಂತ್ರೂ ಯಾರೂ ಏನೂ ಕೇಳಲ್ಲ. ನಂಗೂ ಏನೂ ಹೇಳ್ಬೇಕು ಅನ್ಸಲ್ಲ. ಸುಮ್ಮನೆ ನೋಡ್ತಾ ಇದ್ರೆ ತಲೆ ಎಲ್ಲ ತಣ್ಣಗಾಗ್ತೈತೆ."

"ಅಂಗಾರೆ ಒಬ್ಳೇ ಬಂದು ನೋಡ್ಕೊಂಡು ಹೋಗು. ಈ ಪೈಪಿನೋನ್ನ, ಬ್ಯಾಂಕಿನೋನ್ನ ಯಾಕೆ ಕರೆಸ್ತೀಯ?"

"ಚಿತ್ರ ನೋಡಕ್ಕೆ ಬೆಂಗಳೂರಿಗೆ ಹೋಗ್ತೀನಿ ಅಂದ್ರೆ ಅಪ್ಪ ಬಿಡ್ತಾನಾ? ಗಂಡು ನೋಡಕ್ಕೆ ಅಂದ್ರೆ ತಾನೇ ಬಸ್ಸು ಹತ್ತಿಸ್ತಾನೆ."

ಇಪ್ಪತ್ತೆಂಟು ವರ್ಷದ ಹೆಣ್ಣುಮಗಳು, ಸ್ವಂತ ಸಂಬಳ ಇರುವವಳು, ಒಂದು ಭಾನುವಾರ ಗೋಡೆ ನೋಡಲು ಗಂಡಿನ ಹೆಸರು ಹೇಳಬೇಕು. ಆ ಬಡಾವಣೆಯ ಪಿಸುಮಾತಿನವರ ಮೇಲೆ ನನಗಿದ್ದ ತಿರಸ್ಕಾರದಲ್ಲಿ ಒಂದು ಪಾಲು ಆವತ್ತು ಎದ್ದು ನಮ್ಮ ಊರಿನ ಕಡೆಗೆ ತಿರುಗಿತು. ಪಾಲು ಮಾತ್ರ, ಉಳಿದದ್ದು ಅಲ್ಲೇ ಇತ್ತು.

ಅಲ್ಲಿಂದ ಮುಂದೆ ವಾಟ್ಸಾಪ್ ಗುಂಪಿನಲ್ಲಿ ಗಂಡು ಆರಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ. "ಪಾಪ, ಅಕ್ಕನಿಗೆ ಎಷ್ಟು ಕಾಳಜಿ," ಎಂದು ತಮ್ಮ ಎಲ್ಲರಿಗೂ ಹೇಳಿಕೊಂಡು ಬಂದ. ನಾನು ಆರಿಸುತ್ತಿದ್ದದ್ದು ಒಪ್ಪಿಗೆಯಾಗುವ ಅಪಾಯವೇ ಇಲ್ಲದವರನ್ನು. ಫೋಟೋದಲ್ಲಿ ಕಾರಿಗೆ ಒರಗಿ ನಿಂತವರು. 'ಕೆಲಸ ಬಿಡಲು ಸಿದ್ಧಳಿರಬೇಕು' ಎಂದು ಬರೆದವರು. ತಾಯಿಯ ಅಪ್ಪಣೆಯಿಲ್ಲದೆ ಹಲ್ಲೂ ಉಜ್ಜದವರು. ಇಂಥವರಿಗೆ ನಮ್ಮಲ್ಲಿ ಬರವಿಲ್ಲ. ಎರಡು ಮೂರು ತಿಂಗಳಿಗೊಬ್ಬನಂತೆ ಬಂದು, ಚಿತ್ರಗಳ ನಡುವೆ ಬೇಸತ್ತು, ಬೇಗ ಹೋಗುತ್ತಿದ್ದರು. ಆಮೇಲೆ ಸಂಜೆಯ ಬಸ್ಸಿನವರೆಗೆ ಹೊತ್ತೆಲ್ಲ ಅವಳದು. ನಾನು ಕಾವಲಿನವನ ಪಕ್ಕ ಕೂತು ಅವನ ಮನೆಯ ಕಷ್ಟಸುಖ ಕೇಳುತ್ತಿದ್ದೆ. ಗ್ಯಾಲರಿಗಳಲ್ಲಿ ಕೇಳುವಂಥ ಮಾತು ಇದ್ದದ್ದು ಕಾವಲಿನವರ ಹತ್ತಿರ ಮಾತ್ರ.

ನಾನು ಆ ಚಿತ್ರಗಳಿಗೆ ಒಲಿದೆ ಎಂದು ಯಾರೂ ತಿಳಿಯಬಾರದು. ತುಕ್ಕು ಹಿಡಿದ ತಗಡುಗಳನ್ನು ದಾರದಲ್ಲಿ ನೇತು ಹಾಕಿದ್ದನ್ನು ನೋಡಿದ್ದೇನೆ. ಖಾಲಿ ಕೋಣೆಯಲ್ಲಿ ಒಂದು ದೀಪ ಉರಿಯುತ್ತಿದ್ದದ್ದನ್ನು ನೋಡಿ, ಯಾರೋ ಆರಿಸಲು ಮರೆತಿದ್ದಾರೆ ಎಂದು ಹೇಳಿ ಬೈಸಿಕೊಂಡಿದ್ದೇನೆ. ಗೋಡೆಯ ಮೇಲಿನ ವಿವರಣೆಗಳನ್ನು ಓದಿದ್ದೇನೆ. ನಮ್ಮ ಕೋರ್ಟಿನ ಜಮೀನು ತಕರಾರುಗಳನ್ನು ಮೂವತ್ತು ವರ್ಷ ಟೈಪು ಮಾಡಿದ ನನಗೂ ಆ ವಾಕ್ಯಗಳಲ್ಲಿ ಕರ್ತೃ ಯಾರು, ಕ್ರಿಯೆ ಯಾವುದು ಎಂದು ತಿಳಿಯಲಿಲ್ಲ. ಬರುವ ಜನ ಇನ್ನೂ ಕಡೆ. ಚಿತ್ರದ ಮುಂದೆ ನಿಂತು ತಮ್ಮನ್ನು ಯಾರು ನೋಡುತ್ತಿದ್ದಾರೆ ಎಂದು ಓರೆಗಣ್ಣಿನಲ್ಲಿ ನೋಡುತ್ತಾರೆ. ಅವರ ನಡುವೆ ನನ್ನ ಹುಡುಗಿ, ಹತ್ತಿ ಸೀರೆಯುಟ್ಟು, ಆಸ್ಪತ್ರೆಯ ನೀಲಿ ಚೀಲ ಹೆಗಲಿಗೆ ಹಾಕಿ, ಬಾಯಿ ಸ್ವಲ್ಪ ತೆರೆದುಕೊಂಡು ನಿಜವಾಗಿ ಚಿತ್ರ ನೋಡುತ್ತಿದ್ದಳು. ಅಲ್ಲಿ ಆ ಕೆಲಸ ಮಾಡುವವಳು ಅವಳೊಬ್ಬಳೇ ಎಂದು ನನಗೆ ಅನ್ನಿಸುತ್ತಿತ್ತು.

ನಮ್ಮ ಏರ್ಪಾಡು ಕೆಟ್ಟದ್ದು ತಮ್ಮ ತಾನೇ ಒಂದು ಗಂಡು ಹುಡುಕಿದ್ದರಿಂದ. ಗೌರಸಮುದ್ರದ ನೆಂಟರ ಕಡೆಯಿಂದ ಬಂದ ಸಂಬಂಧ. ಹುಡುಗ ಬೆಂಗಳೂರಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ. "ಈ ಸಲ ನಾನೂ ಬರ್ತೀನಿ," ಎಂದು ತಮ್ಮ ಬಿಳಿ ಅಂಗಿ, ಬಿಳಿ ಪಂಚೆ ಹಾಕಿ ನಮಗಿಂತ ಮುಂಚೆ ಬಸ್ ನಿಲ್ದಾಣದಲ್ಲಿ ನಿಂತಿದ್ದ.

ಆ ಹುಡುಗನನ್ನು ಕಂಡು ನನಗೆ ಮೊದಲು ಆದದ್ದು ಕಿರಿಕಿರಿ. ಏಕೆಂದರೆ ತಪ್ಪು ಹುಡುಕಲು ಏನೂ ಸಿಗಲಿಲ್ಲ. ಹೇಳಿದ ಹೊತ್ತಿಗಿಂತ ಮುಂಚೆಯೇ ಗೇಟಿನಲ್ಲಿ ನಿಂತಿದ್ದ. ಕೈಯಲ್ಲಿ ಫ್ಲಾಸ್ಕು, ಒಂದು ಡಬ್ಬಿ. "ಬೆಳಗ್ಗೆ ಬೇಗ ಹೊರಟಿರ್ತೀರಿ, ಬರಿಗೈಲಿ ಹೋಗಬ್ಯಾಡ ಅಂತ ಅವ್ವ ಮಾಡಿ ಕೊಟ್ಟಳು ರೀ," ಎಂದು ಮರದ ಕೆಳಗಿನ ಕಟ್ಟೆಯ ಮೇಲೆ ಚಿತ್ರಾನ್ನ ಬಡಿಸಿದ. ಆ ಬೀದಿಗೆ ಬರತೊಡಗಿದ ಮೇಲೆ ನಮಗೆ ಅನ್ನ ಹಾಕಿದವನು ಅವನೇ ಮೊದಲು. ತಮ್ಮ ಉಣ್ಣುತ್ತಲೇ ಅವನನ್ನು ಅಳಿಯ ಎಂದುಕೊಂಡುಬಿಟ್ಟ, ಮುಖದಲ್ಲಿ ಗೊತ್ತಾಗುತ್ತಿತ್ತು. ಹುಡುಗಿ ತನ್ನ ಪಾಲಿನ ಚಿತ್ರಾನ್ನವನ್ನು ನನ್ನ ಕಡೆಗೆ ಸರಿಸಿದಳು.

ಒಳಗೆ ಹೋದ ಮೇಲೆ ಅವರಿಬ್ಬರೂ ಒಂದು ಮೂಲೆಯಲ್ಲಿ ನಿಂತು ಮಾತಾಡಿದರು. ಈ ಸಲ ಅವಳು ಗೋಡೆ ನೋಡಲಿಲ್ಲ, ಅವನ ಮುಖ ನೋಡಿಕೊಂಡೇ ಮಾತಾಡಿದಳು. ತಮ್ಮ ನನ್ನ ಮೊಣಕೈ ತಿವಿದ. "ನೋಡಕ್ಕ, ಹೆಂಗ್ ಮಾತಾಡ್ತಾ ಅದಾಳೆ!"

ಅವಳು ಏನು ಹೇಳುತ್ತಿರಬಹುದೆಂದು ನನಗೆ ಅಂದಾಜಾಗಿತ್ತು. ಅವನಂಥವನಿಗೆ ಸುಳ್ಳು ಹೇಳಿ ಕಳಿಸಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ಹುಡುಗ ನೇರವಾಗಿ ತಮ್ಮನ ಹತ್ತಿರ ಬಂದ. "ಮಾವ, ಬೇಜಾರು ಮಾಡ್ಕೋಬ್ಯಾಡ್ರಿ. ಅವರಿಗೆ ಸದ್ಯಕ್ಕೆ ಮದುವೆ ಮನಸ್ಸಿಲ್ಲ ರೀ. ಚಿತ್ರ ನೋಡೋಕೆ ಅಂತ ಬರ್ತಾರಂತೆ. ನನಗೇನೂ ಬೇಜಾರಿಲ್ಲ. ನೀವು ಅವರನ್ನ ಬೈಬ್ಯಾಡ್ರಿ," ಎಂದು ಹೇಳಿ, ನನಗೆ ಕೈ ಮುಗಿದು, ಖಾಲಿ ಡಬ್ಬಿ ತೆಗೆದುಕೊಂಡು ಹೊರಟ.

ತಮ್ಮನ ದನಿ ಎದ್ದಿತು.

"ಚಿತ್ರ ನೋಡಕ್ಕಾ?"

ಆ ಪಿಸುಮಾತಿನ ಮನೆ ನಡುಗಿತು. ಮೇಜಿನ ಹಿಂದಿದ್ದ ಗ್ಯಾಲರಿಯ ಹುಡುಗಿ ಎದ್ದು ಓಡಿ ಬಂದು, "ಸರ್, ಪ್ಲೀಸ್, ಸರ್," ಎಂದಳು. ತಮ್ಮನಿಗೆ ಅವಳು ಕಾಣಲೇ ಇಲ್ಲ. ಅಲ್ಲಿದ್ದ ಹತ್ತಾರು ಜನ ಏನು ಮಾಡಬೇಕೆಂದು ತಿಳಿಯದೆ ಗೋಡೆಗೆ ಇನ್ನಷ್ಟು ಹತ್ತಿರ ಸರಿದು ಚಿತ್ರಗಳನ್ನು ನೋಡತೊಡಗಿದರು. ಅದುವರೆಗೆ ಆ ಚಿತ್ರಗಳನ್ನು ಯಾರೂ ಅಷ್ಟು ಶ್ರದ್ಧೆಯಿಂದ ನೋಡಿರಲಾರರು.

"ಯಾಕವ್ವ ಸುಳ್ಳು ಹೇಳ್ದೆ?" ಎಂದ ತಮ್ಮ ಮಗಳಿಗೆ.

ಅವಳು ಅಪ್ಪನ ಎದುರಿಗೇ ಬಂದು ನಿಂತಳು. ದನಿ ಅದುರಲಿಲ್ಲ. "ನಿಜ ಹೇಳಿದ್ರೆ ಕಳಿಸ್ತಿದ್ಯಾ ಅಪ್ಪ?"

ತಮ್ಮನಲ್ಲಿ ಒಂದು ಗುಣವಿದೆ. ಅವನಿಗೆ ಬೇಗ ಸುಳ್ಳು ಹೊಳೆಯುವುದಿಲ್ಲ. ಯೋಚಿಸಿ, "ಇಲ್ಲ," ಅಂದ. ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕ, ನಿಂಗೊತ್ತಿತ್ತಾ?"

"ಗೊತ್ತಿತ್ತು. ಆ ಕತ್ತೆಗಳನ್ನೆಲ್ಲ ಆರಿಸಿದ್ದೇ ನಾನು."

ಅವನು ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿದ. ನಾನು ಬೈಗುಳಕ್ಕೆ ಕಾದು ನಿಂತೆ. ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, "ಅಂಥದ್ದೇನೈತೆ ಇದ್ರಾಗೆ? ತೋರ್ಸು, ನೋಡಾನ," ಎಂದ.

ಮಗಳು ಅವನನ್ನು ಒಂದು ಚಿತ್ರದ ಮುಂದೆ ನಿಲ್ಲಿಸಿದಳು. ಬೂದುಬಣ್ಣದ ಮೇಲೆ ಒಂದು ನೀಲಿ ಗೆರೆ. ಅವಳು ಏನನ್ನೂ ವಿವರಿಸಲಿಲ್ಲ. ತಮ್ಮ ಕೈ ಹಿಂದೆ ಕಟ್ಟಿಕೊಂಡು, ಕುರಿಯ ಹಲ್ಲು ನೋಡುವವನ ಹಾಗೆ ಬಗ್ಗಿ ನೋಡಿದ, ಹಿಂದೆ ಸರಿದು ನೋಡಿದ, ಪಕ್ಕದಿಂದ ನೋಡಿದ. ಸುಮಾರು ಹೊತ್ತು ನೋಡಿದ. ಕೊನೆಗೆ, "ಏನೂ ಇಲ್ಲ," ಎಂದ. ಅವನು ಜೀವಮಾನದಲ್ಲಿ ಆಡಿದ ಅತಿ ಮೆಲ್ಲನೆಯ ಮಾತು ಅದು.

"ಹೂಂ ಅಪ್ಪ," ಎಂದಳು ಮಗಳು.

ಬಸ್ಸಿನಲ್ಲಿ ಅವನು ನಮ್ಮ ಪಕ್ಕ ಕೂರದೆ ಮುಂದೆ ಹೋಗಿ ಕೂತ. ತುಮಕೂರು ಬಂತು, ಶಿರಾ ಬಂತು, ತಿರುಗಿ ನೋಡಲಿಲ್ಲ. ಹುಡುಗಿ ಕಿಟಕಿಗೆ ತಲೆ ಆನಿಸಿ ಸದ್ದಿಲ್ಲದೆ ಅತ್ತಳು. ಹಿರಿಯೂರಿನಲ್ಲಿ ಬಸ್ಸು ನಿಂತಾಗ ಅವನು ಇಳಿದು ಹೋಗಿ ಮೂರು ಟೀ ತಂದ. ನಮ್ಮ ಕೈಗೆ ಕೊಟ್ಟು, ಸೀಟಿನ ಕಂಬಿ ಹಿಡಿದು ನಿಂತು, ಯಾರ ಮುಖವನ್ನೂ ನೋಡದೆ ಹೇಳಿದ:

"ಭಾನುವಾರ ಹೋಗಿ ಭಾನುವಾರನೇ ಬರ್ಬೇಕು. ಅಕ್ಕ ಜೊತೆಗಿರ್ಬೇಕು. ಪಾಪದ ಜನನ್ನ ಕರೆಸಿ ಅವರ ಹೊತ್ತು ಹಾಳು ಮಾಡಬ್ಯಾಡ್ರಿ." ಟೀ ಕುಡಿದು ಮುಗಿಸಿ ಮತ್ತೆ ಹೇಳಿದ, "ಊರಾಗೆ ಯಾರಾದ್ರೂ ಕೇಳಿದ್ರೆ ಗಂಡು ನೋಡಕ್ಕೆ ಹೋಗ್ಯಾರೆ ಅಂತೀನಿ."

ಹಾಗೆಯೇ ನಡೆಯಿತು. ಈಗ ಅವನು ತಳಕಿನ ಅಂಗಡಿ ಕಟ್ಟೆಯ ಮೇಲೆ ಕೂತು ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಈ ಸುಳ್ಳು ಹೇಳುತ್ತಾನಂತೆ. ನೆಂಟರಲ್ಲಿ ನಮ್ಮ ಮನೆಗೆ ಕೆಟ್ಟ ಹೆಸರು ಬಂದಿದೆ. ಹುಡುಗಿಗೆ ಯಾರೂ ಹಿಡಿಸುವುದಿಲ್ಲ, ಸೋದರತ್ತೆಯೇ ತಲೆ ಕೆಡಿಸಿದ್ದಾಳೆ, ತಾನು ಮದುವೆಯಾಗದೆ ಇವಳನ್ನೂ ಕೂರಿಸುತ್ತಾಳೆ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರ ಮನೆಯ ಮದುವೆಗಳೆಲ್ಲ ನನಗೆ ಗೊತ್ತು. ನಾನು ತಲೆ ಕೆಡಿಸಿಕೊಂಡಿಲ್ಲ.

ಮೊನ್ನೆ ಹೋಗಿದ್ದೆವು. ಹೊಸ ಗ್ಯಾಲರಿ, ಹೊರಗೆ ಜಿಟಿಜಿಟಿ ಮಳೆ. ಒಳಗೆ ಯಾರೂ ಇರಲಿಲ್ಲ. ನನಗೆ ಮಂಡಿ ನೋವು, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತೆ. ಅವಳು ಒಂದು ಉದ್ದನೆಯ ಹಸಿರು ಚಿತ್ರದ ಎದುರು ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಒಬ್ಬ ಗಂಡಸು ಒಳಕೋಣೆಯಿಂದ ಬಂದ. ಚಿತ್ರ ಬರೆದವನು ಅವನೇ ಎಂದು ಅವನು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಅವಳ ಪಕ್ಕಕ್ಕೆ ಬಂದು, ಹೊಗಳಿಕೆಗೆ ಸಿದ್ಧವಾದ ನಗೆಯೊಂದನ್ನು ಮುಂಚೆಯೇ ಮುಖದ ಮೇಲೆ ಇಟ್ಟುಕೊಂಡು, "ಹೇಗನ್ನಿಸ್ತು?" ಎಂದು ಕೇಳಿದ.

"ಗೊತ್ತಿಲ್ಲ ಸರ್. ಇನ್ನೂ ನೋಡ್ತಾ ಇದೀನಿ," ಎಂದಳು ಅವಳು ತಲೆ ತಿರುಗಿಸದೆ.

ಅವನು ಕಾದ. ಅವಳು ನೋಡುತ್ತಲೇ ಇದ್ದಳು. ನಗೆ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಕೊನೆಗೆ ಅವನು ನನ್ನ ಕಡೆ ನೋಡಿದ. ನಾನಾದರೂ ಏನಾದರೂ ಹೇಳುತ್ತೇನೋ ಎಂದು. ನನ್ನ ಬಾಯಲ್ಲಿ ಬೇಕಾದಷ್ಟು ಮಾತಿತ್ತು. ಹೇಳಿದರೆ ಅವಳಿಗೆ ಕೇಳಿಸುತ್ತದೆ ಎಂದು ತಡೆದುಕೊಂಡೆ. ಅವನು ಒಳಗೆ ಹೋದ. ಬಸ್ಸಿಗೆ ಹೊತ್ತಾಗುತ್ತ ಬಂದಿತ್ತು. ನಾನು ಅವಳನ್ನು ಎಬ್ಬಿಸದೆ ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಕಾಲು ಚಾಚಿಕೊಂಡು ಕೂತೆ.